ಪಾತ್ರೆ ಮುಟ್ಟದ ನೀರು

ನೀರಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಅವಳ ಮೂಗು ನೋಡಲು ಅಂಥ ವಿಶೇಷದ್ದೇನಲ್ಲ. ತುಸು ಚಪ್ಪಟೆ, ತುದಿ ಸದಾ ಕೆಂಪು. ಆದರೆ ಅವಳ ಅನ್ನ ಹುಟ್ಟುತ್ತಿದ್ದುದು ಆ ಮೂಗಿನಿಂದ. ಮನೆ, ಅಂಗಡಿ, ಆಫೀಸುಗಳಿಂದ ಖಾಲಿಯಾಗಿ ವಾಪಸು ಬರುವ ದೊಡ್ಡ ಕ್ಯಾನುಗಳನ್ನು ತೊಳೆಯುವ ಯಂತ್ರಕ್ಕೆ ಏರಿಸುವ ಮೊದಲು ಯಾರಾದರೂ ಮೂಸಿ ನೋಡಬೇಕಲ್ಲ, ಆ ಯಾರಾದರೂ ಅವಳೇ. ಮುಚ್ಚಳ ತೆಗೆ, ಬಾಯಿಗೆ ಮೂಗು ಹಿಡಿ, ಒಮ್ಮೆ ಉಸಿರೆಳೆ. ಪರವಾಗಿಲ್ಲ ಅನಿಸಿದರೆ ಎಡಕ್ಕೆ, ಕೈಯಿಂದ ಉಜ್ಜಬೇಕಾದರೆ ಬಲಕ್ಕೆ, ಯಾವ ಸೋಪಿಗೂ ಬಗ್ಗದ್ದಾದರೆ ಬೆನ್ನ ಹಿಂದಿನ ಗುಜರಿ ರಾಶಿಗೆ.

ಕ್ಯಾನಿನಲ್ಲಿ ಜನ ನೀರು ಮಾತ್ರ ಇಡುತ್ತಾರೆ ಎಂದು ನಂಬಿದವರು ಅವಳ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದರೆ ಸಾಕಿತ್ತು. ಸೀಮೆಎಣ್ಣೆ ಇಡುತ್ತಾರೆ. ಬಣ್ಣದವರು ಬ್ರಷ್ಷು ನೆನೆಹಾಕುತ್ತಾರೆ. ಒಂದು ಹೋಟೆಲಿನಿಂದ ಬಂದದ್ದರಲ್ಲಿ ಹಳಸಿದ ಹಿಟ್ಟು ಗೋಡೆ ಕಟ್ಟಿತ್ತು. ಮುಚ್ಚಳ ತಿರುಗಿಸಿದ್ದೇ ತಡ, ಬುಸ್ಸೆಂದು ಮುಖಕ್ಕೆ ಉಸಿರು ಬಿಟ್ಟಿತು. ಓದುವ ಹುಡುಗರ ಕೋಣೆಯಿಂದ ಬಂದ ಇನ್ನೊಂದರಲ್ಲಿ ಮೀನು ಸಾಕಿದ್ದರು. ಮೀನು ಸತ್ತಿದೆ ಎಂದು ಆ ಹುಡುಗರಿಗೆ ತಿಳಿಯಿತೋ ಇಲ್ಲವೋ, ಇವಳಿಗಂತೂ ತಿಳಿಯಿತು. ಇದೆಲ್ಲ ಹೋಗಲಿ, ಏನೂ ಇಡದ ಕ್ಯಾನುಗಳದ್ದೂ ಒಂದು ವಾಸನೆ ಇತ್ತು. ಬಾಯಿ ತಾಗಿಸಿ ಕುಡಿದವರ ಎಂಜಲಿನದು, ಬಗ್ಗಿಸುವಾಗ ಒತ್ತಿಕೊಂಡ ಬೆವರಿನದು, ಮೂಲೆಯಲ್ಲಿ ಪೊರಕೆಯ ಪಕ್ಕ ನಿಂತದ್ದರ ಧೂಳಿನದು. ತೊಳೆದರೆ ಅದು ಕಡಿಮೆಯಾಗುತ್ತದೆ. ಹೋಗುವುದಿಲ್ಲ. ಹೋಗುವುದಿಲ್ಲ ಎನ್ನುವುದು ಅವಳಿಗೆ ಮಾತ್ರ ಗೊತ್ತಾಗುವುದು, ಅದೇ ಅವಳ ಕರ್ಮ.

ಹೀಗಾಗಿ ನೀರಿನ ನಡುವೆಯೇ ದಿನ ಕಳೆಯುವ ಅವಳಿಗೆ ನೀರೆಂದರೆ ವಾಕರಿಕೆ ಬರತೊಡಗಿತ್ತು. ಮನೆಯಲ್ಲಿ ಲೋಟ ಎತ್ತಿದರೆ ಲೋಟದ ಅಂಚಿನಲ್ಲಿ ಯಾರದೋ ತುಟಿ. ಮಡಕೆ ತಂದಿಟ್ಟಳು, ಮಡಕೆಯಲ್ಲಿ ಮಣ್ಣಿನ ಬದಲು ಕುಂಬಾರನ ಕೈಯೇ ನಾರಿದಂತಾಯಿತು. ಕೊನೆಗೆ ಮಕ್ಕಳಿಗೆ ಔಷಧಿ ಕುಡಿಸುವ ಹಾಗೆ ತನ್ನ ಮೂಗನ್ನು ತಾನೇ ಹಿಡಿದುಕೊಂಡು, ಕಣ್ಣು ಮುಚ್ಚಿ, ಗಟಗಟ ಇಳಿಸುವುದನ್ನು ರೂಢಿ ಮಾಡಿಕೊಂಡಳು. ಗಂಡ ದರ್ಜಿ. ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ನಗುತ್ತಿದ್ದ.

"ನೋಡೋರು ವಿಷ ಕುಡೀತಿದ್ದಾಳೆ ಅನ್ಕೊಂಡಾರು ಕಣೇ."

"ನಿಮಗೇನು ಗೊತ್ತು. ನಿಮ್ಮ ಮೂಗಿರೋದು ಕನ್ನಡಕ ನಿಲ್ಲಿಸೋಕೆ," ಎನ್ನುತ್ತಿದ್ದಳು ಅವಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಬಾಯಾರಿಕೆ ಮುಗಿಯುತ್ತಿರಲಿಲ್ಲ.

ಅವಳ ನಾದಿನಿಯ ಗಂಡ ಅದೇ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಒಳ್ಳೆಯವನು, ಆದರೆ ಕೇಳದ ಉಪಕಾರ ಮಾಡುವ ಚಾಳಿ. ಒಂದು ಬೆಳಿಗ್ಗೆ ಕ್ಯಾನು ಇಳಿಸುತ್ತ ಅವನು ಗುಡ್ಡದ ಮೇಲಿನ ಕಲ್ಲುಕ್ವಾರಿಯ ಸುದ್ದಿ ತೆಗೆದ.

"ಕ್ವಾರಿ ಆಫೀಸಿಗೆ ಕ್ಯಾನ್ ಕೊಡೋಕೆ ಹೋಗಿದ್ದೆ ಅಕ್ಕಾ. ಅಲ್ಲಿಂದ ಕಾಲುದಾರೀಲಿ ಒಂದಿಷ್ಟು ಹತ್ತಿದ್ರೆ ಒಂದು ಒರತೆ ಇದೆಯಂತೆ ಅಂತ ಹೋಗಿ ನೋಡ್ದೆ. ಕಲ್ಲಿನ ಸಂದಿಯಿಂದ ಬರ್ತಾನೇ ಇರತ್ತೆ. ತಳದಲ್ಲಿ ಬಿದ್ದ ಎಲೆಯ ನರ ಎಣಿಸಬಹುದು. ಕುಡಿದೆ. ಏನ್ ಹೇಳ್ಲಿ, ವಾಸನೆ ಅನ್ನೋದೇ ಇಲ್ಲ."

ಅವಳ ಕೈಯಲ್ಲಿದ್ದ ಮುಚ್ಚಳ ಹಾಗೇ ನಿಂತಿತು. ನಲ್ಲಿ, ಕೊಳವೆ, ಟ್ಯಾಂಕು, ಕ್ಯಾನು, ಲೋಟ, ಯಾವುದರ ಹೊಟ್ಟೆಯನ್ನೂ ಹೊಕ್ಕು ಬರದ ನೀರು. ನೆಲದಿಂದ ನೇರ ಬಾಯಿಗೆ. ಆ ದಿನವೆಲ್ಲ ಅವಳು ಮೂಸಿದ ಒಂದೊಂದು ಕ್ಯಾನಿನ ಕತ್ತಲೆಯ ತಳದಲ್ಲೂ ನರ ಕಾಣುವ ಒಂದು ಎಲೆ ಬಿದ್ದಿತ್ತು.

ಮುಂದಿನ ರಜೆಯ ದಿನ ಬೆಳಿಗ್ಗೆ ಬೇಗ ಎದ್ದು, ಬಸ್ಸಿನಲ್ಲಿ ಗುಡ್ಡದ ಬುಡಕ್ಕೆ ಹೋಗಿ, ಅಲ್ಲಿಂದ ನಡೆದೇ ಹತ್ತಿ, ಹೊಟ್ಟೆ ತುಂಬ ಕುಡಿದು, ಮಧ್ಯಾಹ್ನಕ್ಕೆ ವಾಪಸು. ಇಷ್ಟೇ ಅವಳ ಯೋಜನೆ. ಒಂದೇ ತಪ್ಪು ಮಾಡಿದಳು, ಗಂಡನಿಗೆ ಹೇಳಿದಳು. ಗಂಡ ತಂಗಿಗೆ ಹೇಳಿದ. ನಾದಿನಿಗೆ ಹೇಳುವುದೂ ಊರಿಗೆ ಡಂಗುರ ಹೊಡೆಯುವುದೂ ಒಂದೇ.

ಸಂಜೆಯೊಳಗೆ ನಾದಿನಿ ಬಂದು ಅಡುಗೆಮನೆಯ ಕಟ್ಟೆ ಏರಿ ಕೂತಳು.

"ಎಲ್ಲರೂ ಹೋಗೋಣ ಅತ್ತಿಗೆ. ಅಲ್ಲೇ ಊಟ. ಪೇಪರ್ ತಟ್ಟೆ ತಗೊಂಡ್ರೆ ತೊಳೆಯೋ ರಗಳೆ ಇಲ್ಲ. ನಮ್ಮೋರು ಸ್ಪೀಕರ್ ತರ್ತಾರೆ. ತಿಂದು, ಅಲ್ಲೇ ಕೈ ತೊಳ್ಕೊಂಡು, ನೀರಲ್ಲಿ ಕಾಲು ಇಳಿಬಿಟ್ಟು ಕೂತ್ರೆ, ಆಹಾ! ನನ್ನ ಹಿಮ್ಮಡಿ ಒಡಕಿಗೂ ಒಳ್ಳೇದು."

ಅವಳ ಕಣ್ಣು ನಾದಿನಿಯ ಹಿಮ್ಮಡಿಯ ಮೇಲೆ ಹೋಯಿತು. ಗೀರುಗೀರಾಗಿ ಒಡೆದು, ಒಡಕಿನೊಳಗೆ ಕಪ್ಪು ಕೂತು, ಮೇಲೆ ಹಳದಿ ಮುಲಾಮು. ಎಲೆಯ ನರ ಕಾಣುವ ನೀರಿನಲ್ಲಿ ಆ ಮುಲಾಮು ಬಣ್ಣಬಣ್ಣದ ಪೊರೆಯಾಗಿ ಹರಡುವುದು, ಎಣ್ಣೆಗೈಗಳು ಅದ್ದುವುದು, ಅನ್ನದ ಅಗುಳು ತಳಕ್ಕಿಳಿದು ಉಬ್ಬುವುದು ಎಲ್ಲ ಕಣ್ಣಿಗೆ ಕಟ್ಟಿತು.

"ಅದರಲ್ಲಿ ಕಾಲಿಡೋ ಹಾಗಿಲ್ಲ," ಎಂದಳು.

"ಯಾಕೆ, ನೀನೇನು ಒರತೆಗೆ ಕಾವಲಾ?"

"ಕೈ ತೊಳೆಯೋ ಹಾಗೂ ಇಲ್ಲ."

"ನೋಡಣ್ಣ, ನೋಡು! ಇನ್ನೂ ಮನೆ ಬಿಟ್ಟಿಲ್ಲ, ಆಗಲೇ ಮೂಗು ಮುರೀತಿದ್ದಾಳೆ. ನಾವು ಬಂದ್ರೆ ನೀರು ಕೆಟ್ಟುಹೋಗತ್ತಂತೆ."

ದರ್ಜಿಗೆ ಎರಡೂ ಕಡೆಯ ಬಟ್ಟೆ ಕೂಡಿಸಿ ಹೊಲಿಗೆ ಹಾಕುವ ಅಭ್ಯಾಸ. "ಮೊದಲು ಇವಳು ಕುಡಿದುಬಿಡ್ಲಿ, ಆಮೇಲೆ ನೀವೆಲ್ಲ ಕಾಲಿಡಿ," ಎಂದ. ಎಲ್ಲರಿಗೂ ಒಪ್ಪಿಗೆಯಾದಂತೆ ಕಂಡಿತು. ಅವಳೂ ಒಪ್ಪಿದಳು. ಎಲ್ಲರಿಗಿಂತ ಮುಂದೆ ನಡೆದರೆ ಸರಿಹೋಯಿತು, ತನ್ನ ಕಾಲೇನು ಸೋತಿಲ್ಲವಲ್ಲ ಎಂದುಕೊಂಡಳು. ಆದರೆ ರಾಡಿಯ ಚಿತ್ರ ತಲೆಯಿಂದ ಹೋಗಲಿಲ್ಲ. ಆ ವಾರ ಮೂಸಿದ ಕ್ಯಾನುಗಳಲ್ಲೆಲ್ಲ ಮುಲಾಮಿನ ವಾಸನೆ.

ರಜೆಯ ಹಿಂದಿನ ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ನಡುಮನೆಯಲ್ಲಿ ನಗು. ನಾದಿನಿ ಚಾಪೆಯ ಮೇಲೆ ಕಾಲು ಚಾಚಿದ್ದಳು. ಗಂಡನ ಕೈಯಲ್ಲಿ ಲೋಟ. ನಾದಿನಿಯ ಗಂಡ ಮದುವೆ ಗಂಡಿನಂತೆ ಬೀಗುತ್ತ ನಿಂತಿದ್ದ. ಅವನ ಪಕ್ಕದಲ್ಲಿ, ಹೊಲಿಗೆ ಯಂತ್ರದ ಮುಂದೆ, ಒಂದು ತುಂಬಿದ ಕ್ಯಾನು.

"ಅಕ್ಕಾ, ಬನ್ನಿ ಬನ್ನಿ! ಇವಳ ಹಿಮ್ಮಡಿ ನೋವು, ಅಷ್ಟು ದೂರ ಹತ್ತೋಕಾಗಲ್ಲ ಅಂದ್ಳು. ಇವತ್ತು ಕ್ವಾರಿ ಟ್ರಿಪ್ ಇತ್ತಲ್ಲ, ಒರತೇನೇ ಮನೆಗೆ ತಂದುಬಿಟ್ಟೆ. ನಡೆಯೋ ಕಷ್ಟ ಯಾರಿಗೂ ಇಲ್ಲ!"

"ಅಮೃತ ಕಣೇ," ಎಂದ ಗಂಡ, ಬಾಯಿ ಒರೆಸಿಕೊಳ್ಳುತ್ತ. "ಎರಡು ಲೋಟ ಕುಡಿದೆ. ಸಿಹಿ ಇದೆ."

"ನಾನು ಮೂರು," ಎಂದಳು ನಾದಿನಿ.

ಅವಳು ಕ್ಯಾನನ್ನು ನೋಡಿದಳು. ಹಿಡಿಯ ಕೆಳಗೆ ಬೀಡಿ ತಾಗಿ ಕರಗಿ ನಾಣ್ಯದಷ್ಟಗಲ ಸೊಟ್ಟಗಾದ ಗುರುತು. ಈ ಗುರುತನ್ನು ಅವಳು ಬಲ್ಲಳು. ಸೋಮವಾರ ಅವಳೇ ಅದನ್ನು ಎರಡು ಬೆರಳಲ್ಲಿ ಎತ್ತಿ ಗುಜರಿ ರಾಶಿಗೆ ಎಸೆದಿದ್ದಳು, ಎಸೆದು ಹೊರಗೆ ಹೋಗಿ ವಾಂತಿ ಮಾಡಿದ್ದಳು. ಗುಜರಿಗೆ ಹೋಗಬೇಕಾದ ಕ್ಯಾನುಗಳನ್ನು ಕಾರ್ಖಾನೆಯ ಕೆಲಸದವರು ಸ್ನಾನದ ನೀರಿಗೆಂದು ಮನೆಗೆ ಒಯ್ಯುವುದು ಅವಳಿಗೆ ಗೊತ್ತಿತ್ತು. ಒಳ್ಳೆಯ ಕ್ಯಾನು ಮುಟ್ಟಿದರೆ ಓನರು ಬೈಯುತ್ತಾನೆ. ಎಸೆದದ್ದಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ.

"ನನಗೆ ಬೇಡ," ಎಂದಳು.

"ಯಾಕೆ ಬೇಡ?" ನಾದಿನಿ ಎದ್ದಳು. "ಒಂದು ವಾರದಿಂದ ಒರತೆ ಒರತೆ ಅಂತ ಜೀವ ತಿಂದೆ. ಪಾಪ, ಇವರು ಕಷ್ಟಪಟ್ಟು ಬೆನ್ನ ಮೇಲೆ ಹೊತ್ತು ತಂದಿದ್ದಾರೆ. ಒಂದು ಗುಟುಕು ಕುಡಿದ್ರೆ ಗಂಟೇನು ಹೋಗತ್ತೆ?"

"ಬೇಡ ಅಂದ್ನಲ್ಲ."

"ನಾವು ಮುಟ್ಟಿದ್ದು ಅಂತ ತಾನೇ? ನಾವೇನು ಹೇಸಿಗೇನಾ ನಿನಗೆ?" ನಾದಿನಿ ಲೋಟ ತುಂಬಿ ಅವಳ ತುಟಿಗೇ ತಂದು ಹಿಡಿದಳು. "ಕುಡಿ. ಕುಡಿದ್ರೇನೇ ನಾನು ಹೋಗೋದು."

ಲೋಟ ಮೂಗಿನ ಕೆಳಗೆ ಬಂತು. ತಣ್ಣನೆಯ ನೀರಿನ ಅಡಿಯಿಂದ, ಸೋಪಿನ ಹಿಂದಿನಿಂದ, ಸೋಮವಾರದ ಆ ವಾಸನೆ ಸಣ್ಣಗೆ ಎದ್ದು ಬಂತು. ಅವಳು ನಾದಿನಿಯ ಮಣಿಕಟ್ಟು ಹಿಡಿದು ದೂರ ಸರಿಸಿದಳು. ಹೇಳಬಾರದೆಂದೇ ಇದ್ದಳು. ಕುಡಿದದ್ದು ಕುಡಿದಾಗಿದೆ, ಹೇಳಿದರೆ ಯಾರಿಗೆ ಸುಖ? ಆದರೆ ಲೋಟ ಮತ್ತೆ ಮುಂದೆ ಬಂತು.

"ಈ ಕ್ಯಾನು ಲಾರಿ ಶೆಡ್ಡಿಂದ ಬಂದದ್ದು," ಎಂದಳು ಮೆಲ್ಲಗೆ. "ಅಲ್ಲಿನ ಕಾವಲುಗಾರನಿಗೆ ಚಳೀಲಿ ಹೊರಗೆ ಹೋಗೋಕೆ ಸೋಮಾರಿತನ. ಚಳಿಗಾಲ ಪೂರ್ತಿ ಇದನ್ನೇ ಮಂಚದ ಕೆಳಗೆ ಇಟ್ಕೊಂಡಿದ್ದ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಮೊದಲು ದರ್ಜಿಗೆ. ಅವನು ಬಚ್ಚಲಿಗೆ ಓಡಿದ. ನಾದಿನಿ ಅಂಗಳದವರೆಗೂ ಹೋಗಲಾರದೆ ಹೊಸಿಲಲ್ಲೇ ಬಗ್ಗಿದಳು.

"ತೊಳ್ದಿದ್ದೆ ಅಕ್ಕಾ!" ನಾದಿನಿಯ ಗಂಡ ಅಳುವಂತಾದ. "ದೇವರಾಣೆ, ಎರಡು ಸಲ ಸೋಪು ಹಾಕಿ ತೊಳ್ದಿದ್ದೆ!"

"ಮುಚ್ಚು ಬಾಯಿ," ಎಂದು ಹೊಸಿಲಿನಿಂದ ಹೆಂಡತಿ ಕೂಗಿದಳು. "ನಿನ್ನ ಸೋಪಿಗಿಷ್ಟು ಬೆಂಕಿ ಹಾಕ!" ಮತ್ತೆ ಬಗ್ಗಿದಳು. ಹೋಗುವಾಗ ಅತ್ತಿಗೆಯ ಕಡೆ ತಿರುಗಿ, "ಕುಡಿಯೋದಕ್ಕೆ ಮೊದಲೇ ಬಂದು ಹೇಳೋಕೆ ನಿನಗೇನಾಗಿತ್ತು?" ಎಂದಳು. ಆ ಹೊತ್ತಿಗೆ ಇವಳು ಕಾರ್ಖಾನೆಯಲ್ಲಿದ್ದಳು ಎಂಬ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ.

ಮರುದಿನದ ನಡಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಅವಳು ರಜೆಯ ದಿನವೆಲ್ಲ ನೆಲ ಉಜ್ಜಿದಳು, ಲೋಟ ಬೇಯಿಸಿದಳು, ಹೊಸಿಲು ತೊಳೆದಳು. ಗಂಡ ನೀರು ಕುಡಿಯುವುದನ್ನೇ ಬಿಟ್ಟವನಂತಾಗಿ, ಕೊನೆಗೆ ಲೋಟ ತಂದು ಅವಳ ಮುಂದೆ ಹಿಡಿದ.

"ಒಂಚೂರು ಮೂಸಿ ಹೇಳೇ."

ಅವಳು ಮೂಸಿ ತಲೆಯಾಡಿಸಿದಳು. ಅವನು ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿ ಕುಡಿದ. "ದಿನಾ ಹೀಗೇನಾ ನಿನಗೆ?" ಎಂದ. ಅವಳು ಲೋಟ ಇಸಿದುಕೊಂಡು ತೊಳೆಯಲು ಇಟ್ಟಳು. "ಮುಂದಿನ ರಜೆಗೆ ನೀನು ಒಬ್ಬಳೇ ಹೋಗಿ ಬಾ. ಯಾರಿಗೂ ಹೇಳಲ್ಲ."

ಹಾಗೆ ಅವಳು ಹೋದಳು. ಬಾಟಲಿ ಒಯ್ಯಲಿಲ್ಲ, ಲೋಟ ಒಯ್ಯಲಿಲ್ಲ, ಮನೆಯಲ್ಲೂ ಒಂದು ಹನಿ ಬಾಯಿಗೆ ಬಿಟ್ಟುಕೊಳ್ಳಲಿಲ್ಲ. ಕಾಲುದಾರಿ ಚೊಕ್ಕಟವಾಗಿಯೇನೂ ಇರಲಿಲ್ಲ. ಗುಟ್ಕಾ ಚೀಟಿ, ಒಡೆದ ಬಾಟಲಿ, ಪೊದೆಯ ಹಿಂದೆ ಜನ ಕೂತು ಹೋದ ಗುರುತು. ಸೆರಗು ಮೂಗಿಗೊತ್ತಿ ನಡೆದಳು. ಇಲ್ಲಿಗೂ ಬಂದಿದ್ದಾರೆ, ಅಲ್ಲಿಗೂ ಬಂದಿರುತ್ತಾರೆ ಎಂದು ಮನಸ್ಸು ಹೇಳುತ್ತಲೇ ಇತ್ತು. ಬಿಸಿಲೇರಿ ನಾಲಿಗೆ ಅಂಗುಳಿಗೆ ಅಂಟಿತು.

ಒರತೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು. ಎರಡು ಕಲ್ಲು ಕೂಡುವಲ್ಲಿ ಗೇಣುದ್ದದ ಒಂದು ಸಂದಿ. ಅದರಿಂದ ಸದ್ದಿಲ್ಲದೆ ಉಕ್ಕಿ, ಬೋಗುಣಿಯಷ್ಟು ಗುಂಡಿ ತುಂಬಿ, ಅಂಚಿನಿಂದ ಜಾರಿ ಹೋಗುವ ನೀರು. ತಳದ ಮರಳು ಕಾಣುತ್ತಿತ್ತು. ನೀರು ಇದೆ ಎನ್ನುವುದು ಬಿಸಿಲು ನಡುಗಿದಾಗ ಮಾತ್ರ ತಿಳಿಯುತ್ತಿತ್ತು.

ಅವಳು ಕೂತು ಬೊಗಸೆ ಒಡ್ಡಿದಳು. ತುಟಿಯ ಹತ್ತಿರ ತಂದಾಗ ಬ್ಲೀಚಿಂಗ್ ಪುಡಿ, ರಬ್ಬರ್ ಗವಸು, ನೂರಾರು ಕ್ಯಾನುಗಳ ಬಾಯಿ ಎಲ್ಲ ಒಟ್ಟಿಗೆ ಅವಳ ಅಂಗೈಯಿಂದಲೇ ಎದ್ದು ಬಂದವು. ಬೊಗಸೆ ಬಿಟ್ಟಳು. ಮರಳಿನಿಂದ ತಿಕ್ಕಿದಳು, ಮೂಸಿದಳು, ಮತ್ತೆ ತಿಕ್ಕಿದಳು. ತನ್ನ ಕೈಯೂ ಒಂದು ಪಾತ್ರೆಯೇ, ಎಲ್ಲಕ್ಕಿಂತ ನಾರುವ ಪಾತ್ರೆ. ಅಸಹ್ಯದಿಂದ ಕಣ್ಣಲ್ಲಿ ನೀರು ಬಂತು.

ಆಮೇಲೆ ಅವಳು ಆಚೆ ಈಚೆ ನೋಡಿ, ಸೀರೆ ಒಟ್ಟುಮಾಡಿ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕಲ್ಲಿನ ಮೇಲೆ ಬೋರಲಾಗಿ ಮಲಗಿ, ಸಂದಿಗೇ ಬಾಯಿ ಹಾಕಿದಳು. ದನ ಕುಡಿದ ಹಾಗೆ ಕುಡಿದಳು. ಮೂಗಿನ ತುದಿ ನೀರಿಗೆ ತಾಗುತ್ತಿತ್ತು. ಹಲ್ಲು ಜುಮ್ಮೆಂದಿತು. ಮೂಗು ಹುಡುಕಿತು, ಅಭ್ಯಾಸಬಲದಿಂದ. ಅದಕ್ಕೆ ಏನೂ ಸಿಗಲಿಲ್ಲ.

"ಥೂ! ಬಾಯಿ ಹಾಕಿಬಿಟ್ಟಿದ್ದಾಳಲ್ಲ ಇವಳು!"

ತಲೆ ಎತ್ತಿದಳು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ದಾರಿಯ ತಿರುವಿನಲ್ಲಿ ಒಬ್ಬ ಹೆಂಗಸು, ಹಿಂದೆ ಏದುಸಿರು ಬಿಡುತ್ತ ಗಂಡ. ಹೆಂಗಸಿನ ಕೈಯಲ್ಲಿ ಖಾಲಿ ಬಾಟಲಿ.

"ಅಷ್ಟು ದೂರದಿಂದ ಹತ್ತಿ ಬಂದಿದ್ದೀವಿ. ಬುಡಕ್ಕೇ ಎಂಜಲು ಮಾಡಿ ಇಟ್ರೆ ನಾವೇನು ಕುಡಿಯೋದು?" ಹೆಂಗಸಿನ ಮೂಗಿನ ಹೊಳ್ಳೆಗಳು ಅರಳಿ, ಮೇಲ್ದುಟಿ ಒಂದು ಬದಿಗೆ ಎಳೆದುಕೊಂಡಿತ್ತು.

ನಾಚಿಕೆ ಕಿವಿಯವರೆಗೆ ಏರಿತು. ಎದ್ದುಬಿಡೋಣ ಎನಿಸಿತು. ಆದರೆ ಬಾಯಾರಿಕೆ ಇನ್ನೂ ಅರ್ಧ ಹಾಗೇ ಇತ್ತು.

"ಒಂದು ಕ್ಷಣ ನಿಲ್ಲಮ್ಮಾ," ಎಂದಳು. "ಹರಿಯೋ ನೀರು. ನನ್ನ ಎಂಜಲು ಆಗಲೇ ಗುಡ್ಡ ಇಳೀತು."

ಮತ್ತೆ ಬಗ್ಗಿ ಬಾಯಿ ಹಾಕಿದಳು.