ಅಜ್ಜಿಯ ಕೈಗುಣ

ಪಕ್ಕದ ಮನೆಯವರು ನೆಲ ಒರೆಸಿದರೆ ಸಾಕು, ಆ ಹಾಳು ಕ್ರಿಮಿನಾಶಕದ ಘಾಟು ಗೋಡೆ ದಾಟಿ ಬಂದು ನನ್ನ ಗಂಟಲು ಹಿಡಿಯುತ್ತದೆ. ಪಾಂಡವಪುರದ ಈ ಬೀದಿಯಲ್ಲಿ ಈಗ ಎಲ್ಲರ ಮನೆಯದೂ ಅದೇ ವಾಸನೆ. ನಿಮ್ಮ ಮನೆಯಲ್ಲೂ ಇದ್ದೀತು. ಆ ನೀರೆಲ್ಲ ಚರಂಡಿ ಸೇರಿ ನಾಲೆಗೇ ಹೋಗುತ್ತದೆ. ಯಾರಿಗೆ ಹೇಳಲಿ? ಹೇಳುವ ಯೋಗ್ಯತೆಯಾದರೂ ನನಗೆಲ್ಲಿದೆ?

ಚಿನಕುರಳಿಯ ನಮ್ಮ ಮನೆ ಈಗಿಲ್ಲ. ಅಲ್ಲಿ ಪಾತ್ರೆಗೆ ಬಚ್ಚಲೊಲೆಯ ಬೂದಿ, ಬಟ್ಟೆಗೆ ಅಂಟುವಾಳ, ತಲೆಗೆ ಸೀಗೆಪುಡಿ. ಕೊಟ್ಟಿಗೆಗೂ ಬೂದಿ ಎರಚಿ, ಗುಡಿಸಿ, ನೀರು ಹೊಯ್ದರೆ ಮುಗಿಯಿತು. ಆ ನೀರು, ಸಗಣಿ ಎಲ್ಲಾ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಗೆ. ಅಜ್ಜಿ ದಿನಾ ಮೊಣಕೈವರೆಗೆ ಕೈಯದ್ದಿ ಸಗಣಿ ಕದಡುತ್ತಿದ್ದಳು. ಒಲೆಯಲ್ಲಿ ನೀಲಿ ಉರಿ ಎದ್ದಾಗ ಅವಳ ಮುಖ ನೋಡಬೇಕಿತ್ತು! ಊರಿನವರು ಹೆಪ್ಪಿಗೆ, ಬಿತ್ತನೆಯ ಮೊದಲ ಹಿಡಿಗೆ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೈಗುಣ ಅಷ್ಟು ಒಳ್ಳೆಯದೆಂದು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಕರು ಭೇದಿಯಾಗಿ ಸತ್ತಿತು. ಹಸುವೂ ಸತ್ತೀತೆಂಬ ದಿಗಿಲಿಗೆ, ಚಿಕ್ಕಪ್ಪ ಪೇಟೆಯಿಂದ ತಂದಿಟ್ಟಿದ್ದ, ನೆಲ ತೊಳೆಯುವ ಇದೇ ಕ್ರಿಮಿನಾಶಕವನ್ನು ಯಾರಿಗೂ ಹೇಳದೆ ಮೂರು ಹೊತ್ತೂ ಕೊಟ್ಟಿಗೆಗೆ ಸುರಿದೆ. ಕೆಲವೇ ದಿನಗಳಲ್ಲಿ ಉರಿ ಕುಗ್ಗಿತು, ಆಮೇಲೆ ಆರಿಯೇ ಹೋಯಿತು. ಗುಂಡಿಯ ಬಗ್ಗಡ ಹರಿಯುತ್ತಿದ್ದ ಬಾಳೆಯ ಬುಡ ಕೆದಕಿದರೆ ಒಂದೂ ಎರೆಹುಳುವಿಲ್ಲ. ಹೆದರಿ ಮೇಷ್ಟ್ರನ್ನು ಕೇಳಿದೆ. “ಔಷಧಿ ನೀರು ಬುಟ್ರೆ ಗ್ಯಾಸು ಮಾಡೋ ಜೀವಾಣುಗಳೇ ಸತ್ತೋಯ್ತವೆ ಕಣಮ್ಮ” ಎಂದರು.

ಅಜ್ಜಿಗೆ ಇದೊಂದೂ ಗೊತ್ತಿಲ್ಲ. ಸಗಣಿ ಹೆಚ್ಚು ಹಾಕಿದಳು, ಕದಡಿದಳು, ಪೈಪು ಊದಿದಳು. ಕೊನೆಗೆ ಗುಂಡಿಯ ಕಟ್ಟೆಯ ಮೇಲೆ ಕೂತು ಅಂಗೈ ನೋಡಿಕೊಂಡಳು. “ನನ್ ಕೈಗುಣ್ವೇ ಒಂಟೋಯ್ತು ಕಣ್ ಮಗ. ಮೊದ್ಲು ಕರ ಓಯ್ತು, ಈಗ ಉರೀನೂ ಓಯ್ತು.”

“ಅಂಗನ್ಬೇಡ ಕಣಜ್ಜಿ” ಎಂದೆ. ಅಷ್ಟೇ. ಏಟು ಬಿದ್ದೀತೆಂಬ ಭಯಕ್ಕೆ ನಿಜ ನುಂಗಿಕೊಂಡೆ. ಥೂ, ನನ್ನ ಬಾಯಿಗಿಷ್ಟು!

ಆಮೇಲೆ ಅವಳು ಯಾರಿಗೂ ಹೆಪ್ಪು ಕೊಡಲಿಲ್ಲ, ಬಿತ್ತನೆಗೂ ಹೋಗಲಿಲ್ಲ. ಅದೇ ವರ್ಷ ಅವ್ವ ತನ್ನ ತವರು ನಾಗಮಂಗಲದಿಂದ ಮೂರು ತಿಂಗಳ ನನ್ನ ತಮ್ಮನನ್ನು ಎತ್ತಿಕೊಂಡು ಬಂದಳು. “ತಕೊಳ್ಳಿ ಅತ್ತೆ, ನಿಮ್ ಮೊಮ್ಮಗ” ಎಂದು ನೀಡಿದಳು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ಬ್ಯಾಡ ಕಣವ್ವ, ನನ್ ಕೈ ಬ್ಯಾಡ. ಕೂಸು ಚೆನ್ನಾಗಿರ್ಲಿ.” ನಾನು ಬಾಗಿಲಲ್ಲೇ ನಿಂತಿದ್ದೆ. ಆಗಲೂ ಹೇಳಲಿಲ್ಲ. ಮುಂದಿನ ಆಷಾಢದಲ್ಲಿ ಅಜ್ಜಿ ಹೋದಳು, ಆ ಮಗುವನ್ನು ಒಂದು ಸಲವೂ ಮುಟ್ಟದೆ.