ಬಸ್ಸಲ್ಲಿ ನಕ್ಷತ್ರಮೀನು

ಅಜ್ಜೀಪುರದ ಸ್ಕೂಲಲ್ಲಿ ಪಾಠಕ್ಕೆ ಬೇಕು ಅಂದ್ರು ಅಂತ ಕೊಳ್ಳೇಗಾಲದ ನಮ್ ಕಾಲೇಜ್ ಲ್ಯಾಬಿಂದ ಫಾರ್ಮಲಿನ್ನಲ್ಲಿಟ್ಟಿದ್ದ ನಕ್ಷತ್ರಮೀನಿನ ಬಾಟ್ಲಿ ಎತ್ಕಂಡು ಬಸ್ ಅತ್ತಿದ್ದೆ. ಪಕ್ಕದ ಸೀಟಲ್ಲಿ ಬೆಟ್ಟಕ್ಕೆ ಒಂಟಿದ್ದ ಒಬ್ಬಮ್ಮ, ತೊಡೆ ಮೇಲೆ ಮಾದಪ್ಪನ ಪೂಜೆ ಸಾಮಾನು.

"ಮೀನು ತಕಂಡು ನನ್ ಪಕ್ಕ ಕೂತ್ಕತೀಯಾ ತಾತ? ಇಳಿ" ಅಂದ್ಲು. ಕಂಡಕ್ಟರೂ ಅವಳ ಕಡೀಕೇ. ಇಳುದ್ರೆ ಇನ್ನೊಂದು ಬಸ್ ಬರೋ ಒತ್ಗೆ ಸ್ಕೂಲೇ ಬಿಟ್ಟೋಯ್ತದೆ.

"ಇದು ಮೀನೇ ಅಲ್ಲ ಕಣವ್ವ. ಮೂಳೆ ಇಲ್ಲ, ರಕ್ತ ಇಲ್ಲ, ತಲೆನೂ ಇಲ್ಲ. ಕೈ ಮುರುದ್ರೆ ತಿರ್ಗಾ ಬೆಳೀತದೆ."

ಆವಮ್ಮ ಸಾಮಾನು ಅತ್ಲಾಗ್ ಸರ್ಸ್ಕಂಡು ಜಾಗ ಬಿಟ್ಲು. ನಾನು ಅಷ್ಟಕ್ಕೇ ಸುಮ್ನಾಗ್ಬೇಕಿತ್ತು, ನನ್ ಬಾಯಿ ಕೇಳ್ಬೇಕಲ್ಲ. ಇಪ್ಪತ್ ಕೈಯವೂ ಅವೆ, ಮೈಯೆಲ್ಲ ಮುಳ್ಳಿರೋವೂ ಅವೆ, ಗಾಡಿ ಚಕ್ರದಷ್ಟು ದೊಡ್ಡದ್ನ ನಾನೇ ಕೈಯಾರೆ ಎತ್ತಿವ್ನಿ ಅಂದೆ. ಒಟ್ಟೇನೇ ಬಾಯಿಂದ ಆಚೆಗಾಕಿ ಚಿಪ್ಪಿನೊಳ್ಗಿರೋ ಹುಳ ತಿಂತವೆ ಅಂತ್ಲೂ ಅಂದೆ.

"ಮಾಂಸ ತಿನ್ನೋದಾ? ಇಳಿ ಮೊದ್ಲು."

ಕಂಡಕ್ಟರ್ ವಿಸಲ್ ಬಾಯಿಗಿಟ್ಟ. ನಂಗೆ ರೇಗೋಯ್ತು.

"ನಾನು ಕೆಲಸಕ್ ಸೇರ್ದಾಗ್ಲೇ ಇದು ಬಾಟ್ಲೀಲಿತ್ತು ಕಣವ್ವ. ನಲವತ್ ವರ್ಸದಿಂದ ಒಂದ್ ತುತ್ತು ತಿಂದಿಲ್ಲ."

ಆವಮ್ಮ ಬಾಟ್ಲೀನ ನೋಡಿ ಕೈ ಮುಗುದ್ಲು. "ನೀನೇನ್ ತಿಂದೆ ಬೆಳಿಗ್ಗೆ?"

ತಲೆ ಕೆಟ್ಟೋಗಿದ್ದಕ್ಕೆ ನಿಜಾನೇ ಏಳ್ಬುಟ್ಟೆ. "ಆಮ್ಲೆಟ್."

ಅಜ್ಜೀಪುರದ ಗಂಟ ಬಾಟ್ಲಿ ಕಿಟಕಿ ಪಕ್ಕ ಕೂತ್ಕಂಡು ಬಂತು, ನಾನು ಕಂಬಿ ಇಡ್ಕಂಡು ನಿಂತ್ಕಂಡು ಬಂದೆ.