ಅಳಿಯನ ರೇಸು, ಅತ್ತೆಯ ಆಕ್ಸಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಗಲೇ ದೀಪ ಉರಿಯುತ್ತಿದೆ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಕೂದಲಿಗೆ ಬಟ್ಟೆ ಬಿಗಿದುಕೊಂಡ ಹೆಂಗಸೊಬ್ಬರು ಸೀಮೆಎಣ್ಣೆ ತುಂಬಿದ ತಟ್ಟೆಯಲ್ಲಿ ಉಕ್ಕಿನ ಗುಂಡುಗಳನ್ನು ತೊಳೆಯುತ್ತಿದ್ದಾರೆ. ಒಂದೊಂದನ್ನೇ ಎತ್ತಿ, ಬೆರಳ ತುದಿಯಲ್ಲಿ ಹೊರಳಿಸಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಒಂದನ್ನು ಮಾತ್ರ ಮತ್ತೆ ತಟ್ಟೆಗೆ ಹಾಕುತ್ತಾರೆ.

"ನೋಡೋಕೆ ಹೊಳೀತಿದೆ. ಆದ್ರೆ ಕಣ್ಣಿಗೆ ಮೋಸ ಮಾಡಬಹುದು, ಬೆರಳಿಗೆ ಆಗಲ್ಲ. ಇನ್ನೂ ಮರಳು ಅಂಟ್ಕೊಂಡಿದೆ," ಎನ್ನುತ್ತಾರೆ.

ರೇಸ್ ಟ್ರ್ಯಾಕಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಗ್ರೀಸಮ್ಮ ಎಂದೇ. ವಯಸ್ಸು ಅರವತ್ತು ದಾಟಿದೆ. ಅಳಿಯ ಓಡಿಸುವ ಟ್ರ್ಯಾಕ್ ಕಾರಿನ ಆಕ್ಸಲ್‌ಗಳನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಹೊಸ ಗ್ರೀಸ್ ತುಂಬಿ ಮತ್ತೆ ಕಟ್ಟುವುದು ಇವರ ಕೆಲಸ. ಇಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಉಕ್ಕಿನ ದಂಡವೇ ಆಕ್ಸಲ್. ಅದರ ತುದಿಯ ಕೀಲಿನಲ್ಲಿ, ಒಂದು ಉಕ್ಕಿನ ಬಳೆಯ ಕಿಂಡಿಗಳೊಳಗೆ ಆರು ಗುಂಡುಗಳು ಕೂತಿರುತ್ತವೆ. ಗಾಲಿ ಯಾವ ಕಡೆ ಹೊರಳಿದರೂ ದಂಡ ಸುತ್ತುತ್ತಲೇ ಇರುವುದು ಇವುಗಳ ದೆಸೆಯಿಂದ. ರಸ್ತೆಯಲ್ಲಾದರೆ ವರ್ಷಗಟ್ಟಲೆ ಬಾಳುವ ಕೀಲು ಟ್ರ್ಯಾಕಿನ ಬಿಸಿಗೆ ನಾಲ್ಕೈದು ರೇಸುಗಳಲ್ಲೇ ಸೊರಗುತ್ತದೆ. ಅಳಿಯ ಓಡುವ ವಿಭಾಗದಲ್ಲಿ ಕಾರಿನ ಜೊತೆ ಕಾರ್ಖಾನೆಯಿಂದ ಬಂದ ಆಕ್ಸಲ್ಲನ್ನೇ ಬಳಸಬೇಕೆಂಬ ನಿಯಮವಿದೆ. ಆ ಕಾರು ತಯಾರಾಗುವುದು ಯಾವಾಗಲೋ ನಿಂತಿದೆ. ಹಾಗಾಗಿ ಹಳೆಯದಕ್ಕೇ ಮರುಜೀವ ಕೊಡಬೇಕು.

ಗ್ರೀಸಮ್ಮ ಮೆಕ್ಯಾನಿಕ್ ಮನೆತನದವರೇನಲ್ಲ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಯಂತ್ರಗಳನ್ನು ನಡೆಸುತ್ತಿದ್ದವರು. ಯಂತ್ರ ಕಿರುಗುಟ್ಟಿದರೆ ರಿಪೇರಿಯವನ ದಾರಿ ಕಾಯದೆ ತಾವೇ ಗ್ರೀಸ್ ಹಾಕುತ್ತಿದ್ದರು. ಲಾಂಡ್ರಿ ಮುಚ್ಚಿದ ಮೇಲೆ ಮಗಳ ಮನೆಗೆ ಬಂದರು. "ಸುಮ್ನೆ ಕೂತ್ರೆ ತಿಂದ ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ. ಒಂದಿನ ಅಳಿಯಂದ್ರು ಇವನ್ನೆಲ್ಲ ಮೇಜಿನ ಮೇಲೆ ಹರಡ್ಕೊಂಡು ಚಿಂದಿಬಟ್ಟೇಲಿ ಒರೆಸ್ತಾ ಇದ್ರು. ಒಗೆಯೋದು ನನ್ನ ಕಸುಬು, ನೋಡ್ಕೊಂಡು ಹೇಗೆ ಸುಮ್ನಿರ್ಲಿ? ತಗೊಂಡು ತೊಳೆದೆ."

ಅಳಿಯ ಒಂದೊಂದು ಭಾಗದ ಹೆಸರು ಹೇಳಿಕೊಟ್ಟರು. ತಾವೇ ಜೋಡಿಸಿದ ಮೊದಲ ಕೀಲಿನಲ್ಲಿ ಗ್ರೀಸಮ್ಮ ಒಳಗಿನ ತುಂಡನ್ನು ತಿರುವುಮುರುವಾಗಿ ಕೂರಿಸಿಬಿಟ್ಟಿದ್ದರು. ಏನು ಮಾಡಿದರೂ ಕೀಲು ಜಗ್ಗಲಿಲ್ಲ, ಬಗ್ಗಲಿಲ್ಲ. ಮಗಳು ಹೊಟ್ಟೆ ಹಿಡಿದು ನಕ್ಕಳು. "ಅಮ್ಮಾ, ಅದಕ್ಕೂ ನಿನ್ನ ಹಟವೇ ಬಂದುಬಿಟ್ಟಿದೆ!"

ನಗದವರೂ ಇದ್ದರು. ಗ್ರೀಸಮ್ಮನ ಸ್ವಂತ ಅಣ್ಣ ಮನೆಗೆ ಬಂದಾಗ ತಂಗಿಯ ಕಪ್ಪು ಉಗುರುಗಳನ್ನು ಕಂಡು ಮುಖ ಸಿಂಡರಿಸಿದರು. ಅಳಿಯನ ಮನೆಯಲ್ಲಿ ಮಸಿ ಮೆತ್ತಿಕೊಂಡು ಕೂರುವ ಗತಿ ಬಂತೇ ಎಂದು ಕೇಳಿದರು. "ಗತಿ ಬಂದು ಕೂತಿಲ್ಲ ಅಣ್ಣಾ, ಮನಸ್ಸು ಬಂದು ಕೂತಿದ್ದೀನಿ ಅಂದೆ. ಕಾಫಿನೂ ಕುಡೀದೆ ಎದ್ದು ಹೋದ."

ಈ ಕೆಲಸಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಕಳೆದ ಸಾಲಿನ ಕೊನೆಯ ರೇಸಿನಲ್ಲಿ. ಅಂದು ಗೆದ್ದರೆ ಇಡೀ ವರ್ಷದ ಚಾಂಪಿಯನ್ ಕಪ್ ಅಳಿಯನದೇ. ಬೆಳಗಿನ ಅಭ್ಯಾಸದ ಸುತ್ತು ಮುಗಿಸಿ ಕಾರು ಬಂದು ನಿಂತಿತು. ಗ್ರೀಸಮ್ಮ ಎಂದಿನಂತೆ ಮುಂದಿನ ಗಾಲಿಯ ಹಿಂಬದಿಗೆ ಕೈ ಹಾಕಿ ಸವರಿದರು. ಬೆರಳಿಗೆ ಗ್ರೀಸ್ ಅಂಟಿತು. ಬಗ್ಗಿ ನೋಡಿದರೆ, ಟ್ರ್ಯಾಕಿನಲ್ಲಿ ಸಿಡಿದ ಕಲ್ಲೊಂದು, ಗ್ರೀಸ್ ಸೋರದಂತೆ ಕೀಲಿಗೆ ಹೊದಿಸಿದ್ದ ರಬ್ಬರ್ ಚೀಲವನ್ನು ಸೀಳಿತ್ತು.

"ಅತ್ತೆ, ರೇಸು ಹತ್ತೇ ಸುತ್ತು. ಆಮೇಲೆ ಬಿಚ್ಚೋಣ," ಎಂದರು ಅಳಿಯ.

"ಹತ್ತು ಸುತ್ತು ಅನ್ನೋದು ನಿಮಗೆ ಗೊತ್ತು. ಈ ಕೀಲಿಗೆ ಗೊತ್ತಾ? ಗ್ರೀಸ್ ಹೊರಗೆ ಬಂದಿದೆ ಅಂದ್ರೆ ಮರಳು ಒಳಗೆ ಹೋಗಿದೆ. ಇಳೀರಿ ಕೆಳಗೆ."

ಅಳಿಯ ಇಳಿದರು, ಆದರೆ ಮುಖ ಕೆಂಡವಾಗಿತ್ತು. ಆಕ್ಸಲ್ ಕಳಚಿ ಕೊಟ್ಟರು. ಪಕ್ಕದ ತಂಡದವರು ಇಣುಕಿ ನೋಡಿದರು. ಗ್ರೀಸಮ್ಮನ ಆಕ್ಸಲ್ಲೇ ಕೈಕೊಟ್ಟಿತಂತೆ ಎಂಬ ಪಿಸುಮಾತು ಆಕೆಯ ಕಿವಿಗೂ ಬಿತ್ತು. ತಲೆ ಎತ್ತಲಿಲ್ಲ. ಕೀಲು ಬಿಚ್ಚಿದಾಗ ಮರಳು ಕಂಡಿತು. ಗುಂಡುಗಳನ್ನು ಹಿಡಿದಿಡುವ ಬಳೆಯ ಒಂದು ಕಿಂಡಿಯ ಮೂಲೆಯಲ್ಲಿ ಕೂದಲೆಳೆಯಂಥ ಗೆರೆಯೂ ಕಂಡಿತು. ಜೊತೆಗೆ ತಂದಿದ್ದ ಹಳೆಯ ಕೀಲೊಂದನ್ನು ತೊಳೆದು, ಗ್ರೀಸ್ ತುಂಬಿ, ಹೊಸ ರಬ್ಬರ್ ಹೊದಿಸಿ, ಒಳಗಿನ ಗಾಳಿಯನ್ನು ಒತ್ತಿ ಹೊರಬಿಟ್ಟು ಕ್ಲಿಪ್ ಬಿಗಿದರು. ಅಷ್ಟು ಹೊತ್ತಿಗೆ ಉಳಿದ ಕಾರುಗಳೆಲ್ಲ ಸಾಲಿನಲ್ಲಿ ನಿಂತಿದ್ದವು. ಎಲ್ಲರಿಗಿಂತ ಮುಂದೆ ನಿಲ್ಲಬೇಕಾದ ಅಳಿಯ ಎಲ್ಲರಿಗಿಂತ ಹಿಂದಿನಿಂದ ಹೊರಟು, ಒಬ್ಬೊಬ್ಬರನ್ನೇ ದಾಟಿ ನಾಲ್ಕನೆಯವರಾಗಿ ಮುಗಿಸಿದರು. ಕಪ್ ಬೇರೆಯವರ ಪಾಲಾಯಿತು.

ಮನೆಗೆ ಬಂದವರೇ ಅಳಿಯ ನೇರ ಶೆಡ್ಡಿಗೆ ಹೋದರು. ಗೆರೆ ಬಿದ್ದ ಬಳೆಯನ್ನು ಮೇಜಿಗೆ ಬಿಗಿದ ಉಕ್ಕಿನ ಹಿಡಿಕೆಯಾದ ವೈಸಿಗೆ ಕಚ್ಚಿಸಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಟಣ್ ಎಂದು ಎರಡು ಹೋಳಾಯಿತು. ಹೋಳುಗಳನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. ತಿರುವಿನ ಮಧ್ಯೆ ಅದು ಹೀಗೆ ಮುರಿದಿದ್ದರೆ ಏನಾಗುತ್ತಿತ್ತೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಒಳಗೆ ಬಂದು, ಅತ್ತೆ ಊಟ ಆಯ್ತಾ ಅಂದ್ರು. ಇಲ್ಲ ಅಂದೆ. ತಾವೇ ತಟ್ಟೆ ತಂದು ಬಡಿಸಿದ್ರು. ಅವತ್ತಿನವರೆಗೂ ಅವರು ತಟ್ಟೆ ಎಲ್ಲಿರುತ್ತೆ ಅಂತ ನೋಡಿದವರೇ ಅಲ್ಲ!" ಗ್ರೀಸಮ್ಮ ಈಗಲೂ ಅದನ್ನು ನೆನೆದು ನಗುತ್ತಾರೆ.

ಆ ಎರಡು ಹೋಳುಗಳ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಅಂದು ಪಿಸುಗುಟ್ಟಿದ ಪಕ್ಕದ ತಂಡದವರೇ ಮೊದಲು ಆಕ್ಸಲ್ ಹೊತ್ತು ತಂದರು. ಈಗ ಶೆಡ್ಡಿನ ಗೋಡೆಗೆ ಸಾಲಾಗಿ ಆಕ್ಸಲ್‌ಗಳು ಒರಗಿವೆ, ಯಾವುದು ಯಾರದೆಂದು ತಿಳಿಯಲು ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಮೂರನೆಯದಕ್ಕೆ ಬೆರಳ ಗೆಣ್ಣುಗಳು ನೋಯುತ್ತವೆ. ಅವಸರ ಮಾಡುವವರಿಗೆ ಗ್ರೀಸಮ್ಮನ ಉತ್ತರ ಒಂದೇ: "ಬೇಗ ಬೇಕಾದ್ರೆ ಬೇರೆ ಕಡೆ ಕೊಡಿ. ಬೇಸರವಿಲ್ಲ."

ಮಾತಾಡುತ್ತಲೇ ಆರೂ ಗುಂಡುಗಳನ್ನು ಅವುಗಳ ಜಾಗಕ್ಕೆ ಕೂರಿಸಿ, ಕಪ್ಪು ಗ್ರೀಸನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತುತ್ತಾರೆ. ಇಷ್ಟೆಲ್ಲ ಮಾಡಿದರೂ ಕಾರಿನಡಿಯ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ ಎಂದರೆ, ಕೀಲನ್ನು ಒಮ್ಮೆ ಪೂರ್ತಿ ಸುತ್ತಿಸಿ ಕಿವಿಗೊಟ್ಟು ಕೇಳುತ್ತಾರೆ. ಸದ್ದಿಲ್ಲ.

"ಟ್ರ್ಯಾಕಲ್ಲಿ ಮೈಕ್ ಇರುತ್ತೆ. ಗೆದ್ದೋರ ಹೆಸರು ಕೂಗ್ತಾರೆ, ಯಾರ ಕಾರಲ್ಲಿ ಏನು ಮುರೀತು ಅಂತಾನೂ ಕೂಗ್ತಾರೆ. ನಾನು ಕಟ್ಟಿದ ಆಕ್ಸಲ್ ವಿಷಯ ಇವತ್ತಿನವರೆಗೂ ಮೈಕಲ್ಲಿ ಬಂದಿಲ್ಲ," ಎನ್ನುತ್ತಾ ಗ್ರೀಸಮ್ಮ ಕೈ ಒರೆಸಿಕೊಳ್ಳುತ್ತಾರೆ. "ಬರೋದೂ ಬೇಡ."